ಎರಡು ಗುಟುಕು ಕಾಫಿ

ಕೆಲವು ತಿಂಗಳ ಹಿಂದೆ ನನಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಯೋಗಕ್ಷೇಮ ವಿಚಾರಿಸಿದ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಕೃತಜ್ಞನಾಗಿದ್ದೇನೆ. ಈಗ ಪೂರ್ಣವಾಗಿ ಚೇತರಿಸಿಕೊಂಡಿದ್ದೇನೆ. ಆದರೆ ಅಲ್ಲಿ ನಾನು ಮಾಡಿದ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳದ ಹೊರತು ಮನಸ್ಸಿಗೆ ಸಮಾಧಾನವಿಲ್ಲ.

"ರಾತ್ರಿ 10 ಗಂಟೆಯ ಮೇಲೆ ಏನನ್ನೂ ಸೇವಿಸಬೇಡಿ" ಎಂದು ಹಿಂದಿನ ಸಂಜೆಯೇ ಹೇಳಿದ್ದರು. ಏಕೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬೆಳಿಗ್ಗೆ 6 ಗಂಟೆಗೆ ನನ್ನ ಮನೆಯಾಕೆ ಫ್ಲಾಸ್ಕಿನಿಂದ ತನಗಾಗಿ ಕಾಫಿ ಬಗ್ಗಿಸಿಕೊಂಡಾಗ, ಎಷ್ಟೋ ವರ್ಷಗಳ ಅಭ್ಯಾಸವು ನನ್ನನ್ನು ಸೋಲಿಸಿತು. ಆಕೆ ಬೇಡವೆಂದರೂ ಕೇಳದೆ ಎರಡು ಗುಟುಕು ಕುಡಿದೆ. ಸ್ವಲ್ಪ ಹೊತ್ತಿನಲ್ಲಿ ದಾದಿಯೊಬ್ಬರು ಬಂದು, "ಬೆಳಿಗ್ಗೆ ಏನಾದರೂ ತೆಗೆದುಕೊಂಡಿರಾ ಸರ್?" ಎಂದು ಕೇಳಿದರು. "ಏನೂ ಇಲ್ಲಮ್ಮ" ಎಂದುಬಿಟ್ಟೆ! ಸುಳ್ಳು ಹೇಳಿದಿರೆಂದು ನಿಮ್ಮ ಕಿವಿ ಹಿಂಡಿದ ಮೇಷ್ಟರು ಇವರೇ. ಮನೆಯಾಕೆ ಸುಮ್ಮನಿರಲಿಲ್ಲ. "ಇಲ್ಲಮ್ಮ, ಈಗತಾನೆ ಕಾಫಿ ಕುಡಿದರು" ಎಂದಳು.

ಶಸ್ತ್ರಚಿಕಿತ್ಸೆ ಮಧ್ಯಾಹ್ನಕ್ಕೆ ಮುಂದಕ್ಕೆ ಹೋಯಿತು. ಅರಿವಳಿಕೆ ನೀಡುವ ವೈದ್ಯರು ಬಂದು, ಕೋಪಿಸಿಕೊಳ್ಳದೆ, ಪಕ್ಕದಲ್ಲಿ ಕುಳಿತು ವಿವರಿಸಿದರು. ಎಚ್ಚರವಿದ್ದಾಗ ಅನ್ನದ ಒಂದು ಅಗುಳು ದಾರಿ ತಪ್ಪಿದರೂ ನಾವು ಕೆಮ್ಮಿ ಹೊರಹಾಕುತ್ತೇವೆ. ಅರಿವಳಿಕೆಯಲ್ಲಿ ಗಂಟಲಿನ ಆ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೇರಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಬರೀ ನೀರು ಸುಮಾರು 2 ಗಂಟೆಗಳಲ್ಲಿ ಹೊಟ್ಟೆಯಿಂದ ಸಾಗಿಹೋಗುತ್ತದೆ. ಹಾಲು ಬೆರೆತ ಕಾಫಿಯನ್ನು ಮಾತ್ರ ಲಘು ಆಹಾರವೆಂದೇ ಎಣಿಸಿ 6 ಗಂಟೆ ಕಾಯುತ್ತಾರೆ. ಈ ನಾಲ್ಕು ಮಾತುಗಳನ್ನು ಹಿಂದಿನ ಸಂಜೆಯೇ ಕೇಳಿದ್ದರೆ, ನಾನು ಆ ಲೋಟವನ್ನು ಮುಟ್ಟುತ್ತಿದ್ದೆನೇ?

ನಾವು ವೈದ್ಯರ ಮುಂದೆ ಮರೆಮಾಚುವುದು ಕಾಫಿಯೊಂದನ್ನೇ ಅಲ್ಲ. ರಕ್ತವನ್ನು ತೆಳುಗೊಳಿಸುವ ಮಾತ್ರೆ, ನಾಟಿ ಔಷಧಿ, ನಶ್ಯ, ಬೀಡಿ, ಅಲ್ಲಾಡುವ ಹಲ್ಲು, ಎಲ್ಲವನ್ನೂ ಸಂಕೋಚದಿಂದ ಮುಚ್ಚಿಡುತ್ತೇವೆ. ಮತ್ತೆ ಮತ್ತೆ ಹೆಸರು ಕೇಳಿದರೆ, "ಚೀಟಿಯಲ್ಲೇ ಇದೆಯಲ್ಲ" ಎಂದು ಬೇಸರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ತಪಾಸಣಾ ಪಟ್ಟಿಯೊಂದನ್ನು ಹೊರತಂದಿತು. ರೋಗಿಯ ಹೆಸರು, ಆಗಬೇಕಾದ ಚಿಕಿತ್ಸೆ, ದೇಹದ ಯಾವ ಭಾಗ ಎಂಬುದನ್ನು ರೋಗಿಯ ಬಾಯಿಂದಲೇ ಖಚಿತಪಡಿಸಿಕೊಳ್ಳುವುದು ಅದರ ಮೊದಲ ಹೆಜ್ಜೆ. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಹಾಜರಿ ಕೂಗುವುದು ಬರಿಯ ಶಾಸ್ತ್ರವಲ್ಲವೆಂದು ಮೇಷ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚೇತರಿಕೆಯ ದಿನಗಳಲ್ಲೂ ಇದೇ ಕಥೆ. ಮರುದಿನವೇ ಎದ್ದು ನಡೆಯಲು ವೈದ್ಯರು ಹೇಳಿದರು. "ಹೊಲಿಗೆ ಹಾಕಿದವರನ್ನು ನಡೆಸುವುದುಂಟೇ?" ಎಂದು ಬಂಧುಗಳು ಗಾಬರಿಯಾದರು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ನಿಲ್ಲಬಹುದು ಎಂಬ ಕಾರಣ ತಿಳಿದ ಮೇಲೆ ಅವರೇ ಕೈಹಿಡಿದು ನಡೆಸಿದರು. ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿಕೊಳ್ಳುವುದನ್ನೂ ಆಗ ಕಲಿತೆ. ನಂಜೆಂದು ಬೇಳೆಯನ್ನೂ ಬಿಡಿಸಿ ಬರಿಯ ಗಂಜಿಯಲ್ಲಿಡುವ ಪದ್ಧತಿಯ ವಿಷಯವಾಗಿಯೂ ವೈದ್ಯರನ್ನು ಕೇಳಿದೆ. ಗಾಯ ಮಾಗಲು ಪ್ರೋಟೀನು ಬೇಕು, ಬೇಳೆ ಬಿಡಬೇಡಿ ಎಂದರು.

ತಪ್ಪು ನನ್ನದೇ, ಅದರಲ್ಲಿ ಅನುಮಾನವಿಲ್ಲ. ಆದರೂ ಆಸ್ಪತ್ರೆಗಳಿಗೆ ಒಂದು ಮಾತು. ಕಾರಣ ತಿಳಿಸದ ಆಜ್ಞೆಯನ್ನು ಮಕ್ಕಳು ಬೆನ್ನು ತಿರುಗಿಸಿದೊಡನೆ ಮುರಿಯುತ್ತಾರೆ, ಮುದುಕರೂ ಅಷ್ಟೇ. ನಾನು ಸಹಿ ಹಾಕಿದ ಒಪ್ಪಿಗೆ ಪತ್ರವು ಇಂಗ್ಲಿಷಿನಲ್ಲಿತ್ತು. ಪಕ್ಕದ ಹಾಸಿಗೆಯ ರೈತನೊಬ್ಬ ತನ್ನ ಪತ್ರಕ್ಕೆ, ಏನೆಂದೂ ತಿಳಿಯದೆ, ಹೆಬ್ಬೆಟ್ಟೊತ್ತಿದ. ಓದಿ ಹೇಳದ ಕಾಗದಕ್ಕೆ ಪಡೆದದ್ದು ಒಪ್ಪಿಗೆ ಹೇಗಾದೀತು? ರೋಗಿಯು ಸತ್ಯ ಹೇಳಬೇಕು. ಆಸ್ಪತ್ರೆಯು ಅವನ ಭಾಷೆಯಲ್ಲಿ ಕಾರಣ ಹೇಳಬೇಕು. ಇದು ಎರಡೂ ಕಡೆಯವರು ಸಲ್ಲಿಸಬೇಕಾದ ಋಣ.

ನಿಮ್ಮಲ್ಲಿ ಕೆಲವರು ಈಗ ವೈದ್ಯರೂ ದಾದಿಯರೂ ಆಗಿದ್ದೀರಿ. ನಾಳೆ ನನ್ನಂಥ ಮುದುಕನೊಬ್ಬ "ಏನೂ ಇಲ್ಲಮ್ಮ" ಎಂದರೆ, ದಯವಿಟ್ಟು ಇನ್ನೊಮ್ಮೆ ಕೇಳಿ. ಪಕ್ಕದಲ್ಲಿರುವ ಅವನ ಹೆಂಡತಿಯನ್ನೂ ಕೇಳಿ.