ಮಸೂರ ಇಟ್ಟರೆ ಮುಗಿಯಿತೇ?

ನಮ್ಮ ಸಂಘದ ನೇತ್ರ ತಪಾಸಣಾ ಶಿಬಿರಗಳಲ್ಲಿ ಸಾಲುಗಟ್ಟಿ ಕೂರುವವರು ಹಿರಿಯರೇ. ಕಣ್ಣಿನ ಪೊರೆ ಮುಪ್ಪಿನ ಕಾಯಿಲೆಯೆಂದೇ ನಾನೂ ನಂಬಿದ್ದೆ. ಐದು ವಾರದ ನನ್ನ ಮೊಮ್ಮಗಳ ಎಡಗಣ್ಣಿನ ಪಾಪೆಯಲ್ಲಿ ಬಿಳಿಯ ಚುಕ್ಕೆ ಕಾಣುವವರೆಗೆ.

ಪುಣೆಯ ವೈದ್ಯರು ಏಳನೆಯ ವಾರದಲ್ಲಿ ಪೊರೆ ತೆಗೆದರು. ಕೃತಕ ಮಸೂರವನ್ನು ಮಾತ್ರ ಇಡಲಿಲ್ಲ. ಧಾರವಾಡದ ಬೀಗರಿಗೆ ಇದು ಅರ್ಧ ಚಿಕಿತ್ಸೆಯೆನಿಸಿತು. "ಎಂಬತ್ತರ ನಮ್ಮ ಅವ್ವಗ ಲೆನ್ಸ್ ಹಾಕ್ಯಾರ, ಕೂಸಿಗೆ ಯಾಕ ಹಾಕಲಿಲ್ರಿ?" ಎಂದರು. ಒಳಗೊಳಗೆ ನನ್ನದೂ ಅದೇ ಪ್ರಶ್ನೆ.

ವೈದ್ಯರ ಸಮಾಧಾನ ಸರಳವಾಗಿತ್ತು. ನವಜಾತ ಶಿಶುವಿನ ಕಣ್ಣು ಸುಮಾರು 17 ಮಿಲಿಮೀಟರ್ ಉದ್ದ, ವಯಸ್ಕರದು 23. ಈ ಬೆಳವಣಿಗೆಯ ಬಹುಪಾಲು ಮೊದಲ ಎರಡು ವರ್ಷಗಳಲ್ಲಿಯೇ ಆಗುವುದರಿಂದ ಇಂದು ಅಳತೆ ಮಾಡಿ ಇಟ್ಟ ಮಸೂರ ನಾಳೆ ಹೊಂದುವುದಿಲ್ಲ. ಮೇಲಾಗಿ ಎಳೆಯ ಕಣ್ಣಿನಲ್ಲಿ ಉಳಿದ ಜೀವಕೋಶಗಳು ಮತ್ತೆ ಬೆಳೆದು ಬೆಳಕಿನ ದಾರಿಯನ್ನು ಮುಚ್ಚುತ್ತವೆ. ಅಮೆರಿಕದಲ್ಲಿ ಒಂದೇ ಕಣ್ಣಿನಲ್ಲಿ ಪೊರೆಯಿದ್ದ, ಏಳು ತಿಂಗಳೊಳಗಿನ 114 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಸೂರವಿಟ್ಟು ಇನ್ನೊಂದಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟು ಅಧ್ಯಯನ ನಡೆಸಿದರು. ಐದು ವರ್ಷ ತುಂಬುವುದರೊಳಗೆ ಮಸೂರ ಇಟ್ಟವರಲ್ಲಿ ಶೇ. 72 ಮಂದಿಗೆ ಕಣ್ಣಿನೊಳಗೆ ಮತ್ತೆ ಶಸ್ತ್ರಕ್ರಿಯೆ ಬೇಕಾಯಿತು. ಇನ್ನೊಂದು ಗುಂಪಿನಲ್ಲಿ ಶೇ. 21. ದೃಷ್ಟಿಯಲ್ಲಿ ಗಣನೀಯ ಅಂತರವಿರಲಿಲ್ಲ. 2020ರಲ್ಲಿ ಪ್ರಕಟವಾದ, ಹತ್ತೂವರೆ ವರ್ಷ ವಯಸ್ಸಿನ ಫಲಿತಾಂಶದಲ್ಲೂ ಇರಲಿಲ್ಲ.

ಆದರೆ ಅದೇ ಸಂಶೋಧಕರು ಇನ್ನೊಂದು ಮಾತನ್ನೂ ಸೇರಿಸಿದ್ದಾರೆ. ಲೆನ್ಸಿನ ವೆಚ್ಚ ಮತ್ತು ನಿರ್ವಹಣೆ ಕುಟುಂಬಕ್ಕೆ ಹೊರೆಯಾಗಿ, ಮಗು ಬಹುಕಾಲ ಲೆನ್ಸಿಲ್ಲದೆ ಉಳಿಯುವಂತಿದ್ದರೆ ಒಳಗೇ ಮಸೂರವಿಡುವುದು ಸರಿ ಎಂಬುದೇ ಆ ಮಾತು. ನನ್ನ ದೃಷ್ಟಿಯಲ್ಲಿ ನಮ್ಮ ದೇಶದ ಪ್ರಶ್ನೆಯೆಲ್ಲ ಇಲ್ಲಿಯೇ ಅಡಗಿದೆ. ಶಿಶುವಿಗೆ ಏನು ಹಿತವೆಂಬುದನ್ನು ವಿಜ್ಞಾನ ಹೇಳುತ್ತದೆ. ಏನು ದಕ್ಕುತ್ತದೆ ಎಂಬುದನ್ನು ತೀರ್ಮಾನಿಸುವುದು ತಂದೆಯ ಸಂಬಳ, ತಾಯಿಯ ಬಿಡುವು, ಆಸ್ಪತ್ರೆಯ ದೂರ.

ಮಗಳು ಈಗ ದಿನವೂ ಲೆನ್ಸ್ ನೋಡಿಕೊಳ್ಳುತ್ತಾಳೆ. ಒಳ್ಳೆಯ ಕಣ್ಣಿಗೆ ಗಂಟೆಗಟ್ಟಲೆ ಪಟ್ಟಿ ಅಂಟಿಸುತ್ತಾಳೆ, ಮಿದುಳು ಎಡಗಣ್ಣನ್ನು ಮರೆತುಬಿಡಬಾರದೆಂದು. ಕೂಸು ಅದನ್ನು ಕಿತ್ತೆಸೆಯುತ್ತದೆ; ಮತ್ತೆ ಅಂಟಿಸಬೇಕು. ಶಸ್ತ್ರಕ್ರಿಯೆ ಒಂದು ಬೆಳಗಿನ ಕೆಲಸ, ಇದು ವರ್ಷಗಳ ವ್ರತ. ಹೊರನಾಡಿನಲ್ಲಿ ಅಜ್ಜಿ, ಚಿಕ್ಕಮ್ಮಂದಿರ ಆಸರೆಯೂ ಇಲ್ಲದ ಎಳೆಯ ತಾಯಂದಿರಿಗೆ ಇದು ಎಷ್ಟು ಕಠಿಣವೆಂಬುದು ಓದುಗರಿಗೆ ತಿಳಿಯದ್ದಲ್ಲ.

ಅಳಿಯನ ಕಛೇರಿ ಶಸ್ತ್ರಕ್ರಿಯೆಯ ಬಿಲ್ಲನ್ನು ತಕರಾರಿಲ್ಲದೆ ಪಾವತಿಸಿತು. ಬೆಳೆದ ಕಣ್ಣಿಗೆ ಬದಲಿಸಬೇಕಾದ ಎರಡನೆಯ ಲೆನ್ಸಿನ ಬಿಲ್ಲು ಮಾತ್ರ, 'ಒಮ್ಮೆ ಮಂಜೂರಾಗಿದೆ' ಎಂಬ ಷರಾದೊಂದಿಗೆ ಹಿಂದಿರುಗಿತು. ಮೂವತ್ತು ವರ್ಷ ಇಂಥ ಷರಾಗಳನ್ನು ಬರೆದವನೇ ನಾನು. ಆದ್ದರಿಂದ ಆ ಗುಮಾಸ್ತನ ಮೇಲೆ ನನಗೆ ಸಿಟ್ಟಿಲ್ಲ. ಚಿಕಿತ್ಸೆಯನ್ನು ಒಂದು ದಿನದ ಘಟನೆಯೆಂದು ಎಣಿಸುವ ನಿಯಮವೇ ಬದಲಾಗಬೇಕು. ಮಸೂರ ಇಟ್ಟ ಮಗುವಿಗೂ ಕನ್ನಡಕ, ಪಟ್ಟಿ, ತಪಾಸಣೆ ತಪ್ಪಿದ್ದಲ್ಲ.

ಮುಂದಿನ ಶಿಬಿರಕ್ಕೆ ಹಸುಗೂಸುಗಳನ್ನೂ ಕರೆಯೋಣವೆಂದು ಕಾರ್ಯಕಾರಿ ಸಮಿತಿಗೆ ಬರೆದಿದ್ದೇನೆ. ಪಾಪೆಯ ಮೇಲೆ ಬೆಳಕು ಬಿಟ್ಟು ನೋಡಲು ವೈದ್ಯರಿಗೆ ಒಂದೆರಡು ನಿಮಿಷ ಸಾಕು. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಅಳಿಯ ಮೂರನೆಯ ಲೆನ್ಸಿನ ಬಿಲ್ಲನ್ನು ಸಲ್ಲಿಸಿರುತ್ತಾನೆ.