ಗೃಹಚಿಂತನ: ಕಿಟಕಿಯ ಬಿದಿರು ಪರದೆ

ಬ್ಯಾಕೋಡಿನ ಕಡೆ ಹಿರಿಯರು ಮಳೆಗಾಲಕ್ಕೆ ಮುನ್ನ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ, ಲಾಂಚಿಗೆ ಕಾಯದೆಯೇ ಸಾಗರದ ಪೇಟೆಯಿಂದ ಸುರುಳಿ ಸುತ್ತುವ ಬಿದಿರು ಪರದೆಗಳನ್ನು ತರಬಹುದಾಗಿದೆ.

ಚೌಕಟ್ಟಿನೊಳಗೆ ಕಟ್ಟುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು, ಕಡಿಮೆಯ ಅಳತೆಯನ್ನೇ ಹಿಡಿಯಬೇಕು. ಪರದೆ ಉದ್ದವಾದರೆ ಮೊದಲು ತೂಗುಹಾಕಿ, ಪೂರ್ತಿ ಇಳಿಬಿಟ್ಟು ಗುರುತು ಮಾಡಬೇಕು. ಗುರುತಿನ ಕೆಳಗಿನ ಕೆಲವು ಕಡ್ಡಿಗಳನ್ನು ಎಳೆದು ತೆಗೆದು, ನೂಲಿನ ಎಳೆಗಳನ್ನು ಜೋಡಿಜೋಡಿಯಾಗಿ ಗಂಟು ಹಾಕಿದ ಮೇಲೆಯೇ ಹೆಚ್ಚಾದುದನ್ನು ಕತ್ತರಿಸಬೇಕು. ಗಂಟಿಗೆ ಮುನ್ನ ಕತ್ತರಿ ಆಡಿಸಿದರೆ ಹೆಣಿಗೆಯೇ ಬಿಚ್ಚಿಹೋದೀತು.

ಪರದೆ ಗಿಡ್ಡವಾದರೂ ಎಳೆಯುವ ಹಗ್ಗ ಉದ್ದವಾಗಿಯೇ ಉಳಿಯುತ್ತದೆ. ನಾವು ಇದನ್ನೇ ಮರೆತೆವು. ಒಂದು ಮಧ್ಯಾಹ್ನ ಮೊಮ್ಮಗು ಆ ಕುಣಿಕೆಯನ್ನು ಹಾರವೆಂದು ಕೊರಳಿಗೆ ಹಾಕಿಕೊಂಡು ನಿಂತಿತ್ತು. ನಮ್ಮ ಎದೆ ಝಲ್ಲೆಂದಿತು. ಕುಣಿಕೆ ಬಿಗಿದರೆ ಎಳೆಯ ಮಕ್ಕಳಿಗೆ ಕೂಗಲೂ ಆಗದು. ಆದುದರಿಂದ ಹಗ್ಗವನ್ನೂ ಮೊಟಕುಗೊಳಿಸಿ, ಕುಣಿಕೆ ಬಿಡಿಸಿ, ಮಕ್ಕಳ ಕೈಗೆಟುಕದ ಎತ್ತರದ ಕೊಕ್ಕೆಗೆ ಸುತ್ತಬೇಕು. ತೊಟ್ಟಿಲು ಮಂಚಗಳನ್ನು ಕಿಟಕಿಯಿಂದ ದೂರವಿಡಬೇಕು.

ಇಂದೇ ನಿಮ್ಮ ಮನೆಯ ಕಿಟಕಿಗಳನ್ನೊಮ್ಮೆ ನೋಡಿರೆಂದು ನಮ್ಮ ವಿನಂತಿ.