ಹಗ್ಗದ ಒಳಗೆ ಇಬ್ಬರು, ಹೊರಗೆ ಲಕ್ಷ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಎತ್ತು ಯಾರಿಗಾಗಿ ಓಡಿತು, ಓಡಿದ ಮೇಲೆ ಅದರ ಗೊರಸು ಏನಾಯಿತು ಎಂದು ವಿಚಾರಿಸುವವರು ವಿರಳ. ಮುಷ್ಟಿಯುದ್ಧದ ಚರಿತ್ರೆಯನ್ನು ತಿರುವಿ ಹಾಕಿದರೆ ಅರ್ಧಕ್ಕೂ ಮಿಕ್ಕ ಪುಟಗಳಲ್ಲಿ ಈ ಬಾಲ ಹಿಡಿದವರ ಕಥೆಯೇ ಕಾಣುತ್ತದೆ. ಹಗ್ಗದ ಒಳಗೆ ನಿಂತವರು ಯಾವಾಗಲೂ ಇಬ್ಬರೇ; ಹೊರಗೆ ನಿಂತವರ ಎಣಿಕೆ ಮಾತ್ರ ನೂರರಿಂದ ಲಕ್ಷಕ್ಕೂ, ಲಕ್ಷದಿಂದ ಕೋಟಿಗೂ ಏರಿದೆ. ಎಣಿಕೆಯೊಡನೆ ಹಣ ಏರಿತು. ಹಣದೊಡನೆ ಆಟದ ಸ್ವರೂಪವೇ ಮಾರ್ಪಟ್ಟಿತು.

ಹಿಂದೆ ಈ ಕ್ರೀಡೆ ಪರಿಶುದ್ಧವಾಗಿತ್ತು, ನಡುವೆ ಹಣ ಹೊಕ್ಕು ಕೆಡಿಸಿತು ಎಂದು ಹಲುಬುವವರುಂಟು. ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. 1743 ರಲ್ಲಿ ಲಂಡನ್ನಿನ ಮುಷ್ಟಿಮಲ್ಲ ಜ್ಯಾಕ್ ಬ್ರಾಟನ್ ತನ್ನ ಕಾಳಗದ ಮನೆಗೆಂದು ಏಳು ನಿಯಮಗಳನ್ನು ರಚಿಸಿದ. ನೆಲಕ್ಕೆ ಬಿದ್ದವನನ್ನು ಹೊಡೆಯಬಾರದೆಂಬ ಧರ್ಮ ಅವುಗಳಲ್ಲಿ ಒಂದು. ಐದನೆಯ ನಿಯಮವಾದರೋ ಕೇವಲ ಹಣಕ್ಕೆ ಸಂಬಂಧಪಟ್ಟದ್ದು: ಕೂಡಿದ ಹಣದಲ್ಲಿ ಮೂರರಲ್ಲಿ ಎರಡು ಪಾಲು ಗೆದ್ದವನಿಗೆ ಸಲ್ಲಬೇಕು, ಒಳಗೊಳಗಿನ ಒಪ್ಪಂದಗಳು ಏನೇ ಇರಲಿ, ವೇದಿಕೆಯ ಮೇಲೆಯೇ, ಎಲ್ಲರ ಕಣ್ಣೆದುರಿಗೇ ಅದನ್ನು ಹಂಚಬೇಕು. ಹಣದ ವಿಷಯದಲ್ಲಿ ಬ್ರಾಟನ್ನನಿಗೆ ಯಾವ ಭ್ರಮೆಯೂ ಇರಲಿಲ್ಲ. ಹಣ ಬರುವುದು ತಪ್ಪಲ್ಲ, ಅದು ಕತ್ತಲೆಯಲ್ಲಿ ಹಂಚಿಕೆಯಾಗುವುದು ತಪ್ಪು ಎಂಬುದನ್ನು ಆತ ಬಲ್ಲವನಾಗಿದ್ದ.

ಅಭಿಮಾನವೆಂಬುದು ಎಷ್ಟು ಹೊತ್ತಿನದೆಂಬುದನ್ನೂ ಆತ ಅನುಭವಿಸಿಯೇ ತಿಳಿದ. ರಾಜಪುತ್ರನಾದ ಕಂಬರ್ಲೆಂಡಿನ ಡ್ಯೂಕ್ ಅವನ ಪೋಷಕ. 1750 ರಲ್ಲಿ ಜ್ಯಾಕ್ ಸ್ಲ್ಯಾಕ್ ಎಂಬವನೊಡನೆ ಕಾದುವಾಗ ಬ್ರಾಟನ್ನನ ಕಣ್ಣುಗಳು ಊದಿ ಮುಚ್ಚಿಹೋದುವು, ಎದುರಾಳಿಯೇ ಕಾಣಿಸದಾದ. ಡ್ಯೂಕ್ ಅಂದು ತನ್ನ ಮಲ್ಲನ ಮೇಲೆ ಹತ್ತು ಸಾವಿರ ಪೌಂಡುಗಳ ಪಣವೊಡ್ಡಿದ್ದನೆಂದು ಹೇಳುತ್ತಾರೆ. ಪಣ ಹೋದೊಡನೆ ಪೋಷಣೆಯೂ ಹೋಯಿತು. ಬ್ರಾಟನ್ನನ ಕಾಳಗದ ಮನೆಗೆ ಬೀಗ ಬಿತ್ತು.

ಆ ಕಾಲದ ಅಭಿಮಾನಿ ಕಣದ ಮಗ್ಗುಲಲ್ಲಿಯೇ ನಿಲ್ಲುತ್ತಿದ್ದ. ಪೆಟ್ಟಿನ ಸದ್ದು ಅವನ ಕಿವಿಗೂ, ಸೋತವನ ಮುಖ ಅವನ ಕಣ್ಣಿಗೂ ನೇರವಾಗಿ ತಾಕುತ್ತಿದ್ದುವು. 1867 ರಲ್ಲಿ ಕ್ವೀನ್ಸ್‌ಬರಿ ನಿಯಮಗಳು ಪ್ರಕಟವಾದುವು. ಕೈಗವಸು ಬಂದಿತು, ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷದ ವಿಶ್ರಾಂತಿ ಎಂಬ ಕಟ್ಟಳೆ ಬಂದಿತು. ಕಾಳಗಕ್ಕೆ ಒಂದು ಸಭ್ಯತೆಯ ಉಡುಪು ದೊರೆಯಿತು. ಅಂಥ ಉಡುಪು ತೊಟ್ಟದ್ದನ್ನು ಪೇಟೆಗೆ ತರುವುದು ಸುಲಭ.

ಪೇಟೆಗೆ ತಂದವನು ಅಮೆರಿಕದ ಟೆಕ್ಸ್ ರಿಕರ್ಡ್. ಜನ ಹಣ ಕೊಡುವುದು ಮುಷ್ಟಿಗಳನ್ನು ನೋಡಲಿಕ್ಕಲ್ಲ, ಒಂದು ಕಥೆಯನ್ನು ನೋಡಲಿಕ್ಕೆ ಎಂಬ ರಹಸ್ಯ ಅವನಿಗೆ ತಿಳಿದಿತ್ತು. 1921 ರ ಜುಲೈ 2 ರಂದು ನ್ಯೂಜೆರ್ಸಿ ಪ್ರಾಂತದ ಜೆರ್ಸಿ ಸಿಟಿಯಲ್ಲಿ ಜ್ಯಾಕ್ ಡೆಂಪ್ಸಿಗೂ ಫ್ರಾನ್ಸಿನ ಕಾರ್ಪೆಂಟ್ಯೇಗೂ ಅವನು ಕಾಳಗ ಗೊತ್ತುಮಾಡಿದ. ಕಾರ್ಪೆಂಟ್ಯೇ ಸುಂದರಾಂಗ, ಮಹಾಯುದ್ಧದಲ್ಲಿ ವಿಮಾನದಳದಲ್ಲಿದ್ದು ಪದಕಗಳನ್ನು ಗಳಿಸಿದ ವೀರ. ಡೆಂಪ್ಸಿಯ ಮೇಲೋ ಸೈನ್ಯ ಸೇರದೆ ತಪ್ಪಿಸಿಕೊಂಡನೆಂಬ ಅಪವಾದವಿತ್ತು. ನ್ಯಾಯಾಲಯ 1920 ರಲ್ಲಿ ನಿರ್ದೋಷಿಯೆಂದು ಬಿಟ್ಟಿದ್ದರೂ ಜನ ಬಿಟ್ಟಿರಲಿಲ್ಲ. ಕಥಾನಾಯಕನೂ ಖಳನಾಯಕನೂ ಸಿದ್ಧರಾಗಿದ್ದಂತಾಯಿತು. ಮರದ ಹಲಗೆಗಳಿಂದ ಕಟ್ಟಿದ ತಾತ್ಕಾಲಿಕ ಕ್ರೀಡಾಂಗಣದಲ್ಲಿ ಸುಮಾರು ಎಂಬತ್ತು ಸಾವಿರ ಜನ ಕಿಕ್ಕಿರಿದರು. ಹದಿನೇಳು ಲಕ್ಷಕ್ಕೂ ಮೀರಿದ ಡಾಲರುಗಳು ಸಂಗ್ರಹವಾದುವು. ಮುಷ್ಟಿಯುದ್ಧವೊಂದಕ್ಕೆ ಹತ್ತು ಲಕ್ಷ ಡಾಲರಿನ ಗಡಿ ದಾಟಿದ್ದು ಅದೇ ಮೊದಲು. ವೀರನೆನಿಸಿದವನು ನಾಲ್ಕನೆಯ ಸುತ್ತಿನಲ್ಲಿ ನೆಲ ಕಚ್ಚಿದ. ಅವನು ಡೆಂಪ್ಸಿಗಿಂತ ಹಗುರ ಮೈಯವನು; ಜೋಡಿ ಸಮನಲ್ಲವೆಂಬುದು ಬಲ್ಲವರಿಗೆ ಮೊದಲೇ ಗೊತ್ತಿತ್ತು. ಜೋಡಿ ಸಮವಾಗದಿದ್ದರೂ ಕಥೆ ಚೆನ್ನಾಗಿದ್ದರೆ ಸಾಕೆಂಬ ಪಾಠವನ್ನು ವ್ಯಾಪಾರಿಗಳು ಅಂದು ಕಲಿತರು, ಇಂದಿಗೂ ಮರೆತಿಲ್ಲ.

ಅಭಿಮಾನದ ವಿಚಿತ್ರ ಮುಂದಿದೆ. 1926 ರಲ್ಲಿ ಡೆಂಪ್ಸಿ ಜೀನ್ ಟನ್ನಿ ಎಂಬವನಿಗೆ ಸೋತ. ಸೋತದ್ದೇ ತಡ, ನಿನ್ನೆಯ ಖಳನಾಯಕ ಜನರ ಕಣ್ಮಣಿಯಾದ! 1927 ರಲ್ಲಿ ಷಿಕಾಗೋ ನಗರದಲ್ಲಿ ಅವರಿಬ್ಬರೂ ಮತ್ತೆ ಎದುರಾದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ನೆರೆದು, ಇಪ್ಪತ್ತಾರು ಲಕ್ಷಕ್ಕೂ ಮೀರಿದ ಡಾಲರು ತೆತ್ತರು. ಮತ್ತೆ ಗೆದ್ದವನು ಟನ್ನಿಯೇ. ಅವನ ಪಾಲಿಗೆ ಬಂದದ್ದು ಹತ್ತು ಲಕ್ಷಕ್ಕೆ ತುಸು ಕಡಿಮೆ. ಕೊರತೆಯ ಮೊಬಲಗನ್ನು ತಾನೇ ರಿಕರ್ಡನಿಗೆ ಕೊಟ್ಟು, ಇಡಿಯಾಗಿ ಹತ್ತು ಲಕ್ಷ ಡಾಲರಿನ ಒಂದೇ ಚೆಕ್ಕನ್ನು ಅವನು ಬರೆಸಿಕೊಂಡ. ಆದರೆ ಟನ್ನಿ ಪುಸ್ತಕಪ್ರಿಯ, ಷೇಕ್ಸ್‌ಪಿಯರನ ಆರಾಧಕ, ಅಳೆದು ತೂಗಿ ಹೊಡೆಯುವವನು. ಜನ ಅವನನ್ನು ಗೌರವಿಸಿದರೇ ಹೊರತು ಪ್ರೀತಿಸಲಿಲ್ಲ. 1928 ರಲ್ಲಿ ಟಾಮ್ ಹೀನಿಯೊಡನೆ ಅವನ ಕೊನೆಯ ಕಾಳಗ ನಡೆದಾಗ ಪೀಠಗಳು ಖಾಲಿ ಉಳಿದು ರಿಕರ್ಡನಿಗೆ ಭಾರಿ ನಷ್ಟವಾಯಿತು. ವಿದ್ಯೆಗೆ ಬೆಲೆ ಬೇರೆ, ಮೋಹಕ್ಕೆ ಬೆಲೆ ಬೇರೆ.

ಮೋಹದ ಭಾರ ಎಷ್ಟೆಂಬುದಕ್ಕೆ ಜೋ ಲೂಯಿಯ ಬಾಳು ಸಾಕ್ಷಿ. 1938 ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನನ್ನು ಮೊದಲ ಸುತ್ತಿನಲ್ಲಿಯೇ ಉರುಳಿಸಿದಾಗ, ಕರಿಯರೂ ಬಿಳಿಯರೂ ಕೂಡಿ ಅವನನ್ನು ಹೆಗಲಿಗೇರಿಸಿದರು. ಯುದ್ಧ ಬಂದಾಗ, 1942 ರಲ್ಲಿ, ಎರಡು ಕಾಳಗಗಳ ಸಂಭಾವನೆಯನ್ನು ಅವನು ಸೈನ್ಯದ ಮತ್ತು ನೌಕಾಪಡೆಯ ಪರಿಹಾರನಿಧಿಗಳಿಗೆ ಧಾರೆಯೆರೆದ. ಯುದ್ಧ ಮುಗಿದ ಮೇಲೆ ತೆರಿಗೆಯವರು ಬಾಕಿಯ ಲೆಕ್ಕ ಹಿಡಿದು ಬಂದರು. ಸಾಲ ತೀರಿಸಲೆಂದು ವಯಸ್ಸು ಮೀರಿದ ಮೇಲೂ ಲೂಯಿ ಮತ್ತೆ ಕೈಗವಸು ತೊಡಬೇಕಾಯಿತು. 1951 ರಲ್ಲಿ ರಾಕಿ ಮಾರ್ಷಿಯಾನೋ ಅವನನ್ನು ಹಗ್ಗದಾಚೆಗೆ ಬೀಳುವಂತೆ ಹೊಡೆದ. ಕೊನೆಗಾಲದಲ್ಲಿ ಅವನಿಗೆ ದೊರೆತ ಉದ್ಯೋಗ ಲಾಸ್ ವೇಗಸ್ಸಿನ ಜೂಜುಮನೆಯೊಂದರಲ್ಲಿ ಬಂದವರ ಕೈಕುಲುಕಿ ಸ್ವಾಗತಿಸುವುದು. 1981 ರಲ್ಲಿ ತೀರಿಕೊಂಡಾಗ ಅವನ ಅಂತ್ಯಕ್ರಿಯೆಗೆ ಹಣ ನೀಡಿ ನೆರವಾದವರಲ್ಲಿ ಹಳೆಯ ವೈರಿ ಷ್ಮೆಲಿಂಗನೂ ಒಬ್ಬ. ಲಕ್ಷ ಜನರ ಜಯಕಾರಕ್ಕಿಂತ, ಪೆಟ್ಟು ತಿಂದವನೊಬ್ಬನ ನೆನಪು ಹೆಚ್ಚು ಕಾಲ ಬಾಳಿತು.

ಅಷ್ಟರಲ್ಲಿ ಅಭಿಮಾನಿ ಕಣವನ್ನು ಬಿಟ್ಟು ಮನೆ ಸೇರಿದ್ದ. ಟೆಲಿವಿಷನ್ ಬಂದಿತ್ತು. ಕ್ಷೌರದ ಬ್ಲೇಡು ಮಾರುವ ಕಂಪನಿಯೊಂದು ಶುಕ್ರವಾರದ ರಾತ್ರಿಗಳನ್ನು ಮುಷ್ಟಿಯುದ್ಧಕ್ಕೆಂದೇ ಕೊಂಡುಕೊಂಡಿತ್ತು. ಹಾಸುಗಂಬಳಿಯ ಮೇಲೆ ಕುಳಿತು ಪುಕ್ಕಟೆಯಾಗಿ ನೋಡುವುದಾದರೆ ಊರಿನ ಚಿಕ್ಕ ಅಖಾಡಕ್ಕೆ ಕಾಸು ಕೊಟ್ಟು ಹೋಗುವವರಾರು? ಹೊಸಬರು ಪಟ್ಟು ಕಲಿಯುತ್ತಿದ್ದ ಸಣ್ಣ ಅಖಾಡಗಳು ಒಂದೊಂದಾಗಿ ಮುಚ್ಚಿದುವು. ಇನ್ನೂ ಬಲಿಯದ ಹುಡುಗರನ್ನು ದೀಪಗಳ ಮುಂದೆ ತಂದು ನಿಲ್ಲಿಸಬೇಕಾಯಿತು. ವಾರವಾರವೂ ಹೊಟ್ಟೆ ಕೇಳುವ ಯಂತ್ರವದು.

1962 ರ ಮಾರ್ಚ್ 24 ರ ರಾತ್ರಿ ಆ ಯಂತ್ರ ಒಂದು ಜೀವವನ್ನೇ ತೆಗೆದುಕೊಂಡಿತು. ಕ್ಯೂಬಾದಿಂದ ಬಂದ ಬೆನ್ನಿ ಪರೆಟ್‌ಗೆ ಆಗ ಇಪ್ಪತ್ತೈದು ವರ್ಷ. ಹಿಂದಿನ ಡಿಸೆಂಬರಿನಲ್ಲಷ್ಟೇ ತನಗಿಂತ ಭಾರದ ಜೀನ್ ಫುಲ್ಮರನಿಂದ ಅವನು ಭಯಂಕರವಾಗಿ ಪೆಟ್ಟು ತಿಂದಿದ್ದ. ನಾಲ್ಕು ತಿಂಗಳು ತುಂಬುವ ಮೊದಲೇ ಅವನನ್ನು ಎಮಿಲ್ ಗ್ರಿಫಿತನ ಎದುರಿಗೆ ನ್ಯೂಯಾರ್ಕಿನ ಕಣಕ್ಕಿಳಿಸಲಾಯಿತು. ಹನ್ನೆರಡನೆಯ ಸುತ್ತಿನಲ್ಲಿ ಮೂಲೆಗೆ ಸಿಕ್ಕಿದ ಪರೆಟ್, ಹಗ್ಗವೇ ತಡೆದುದರಿಂದ ನೆಲಕ್ಕೂ ಬೀಳಲಾರದೆ, ಪೆಟ್ಟಿನ ಮೇಲೆ ಪೆಟ್ಟು ತಿಂದ. ತೀರ್ಪುಗಾರ ನಡುವೆ ಬರುವ ವೇಳೆಗೆ ತಡವಾಗಿತ್ತು. ಊಟ ಮುಗಿಸಿ ಕುಳಿತ ಸಾವಿರಾರು ಸಂಸಾರಗಳು ಅದನ್ನು ನೋಡಿದುವು. ಹತ್ತು ದಿನಗಳ ಮೇಲೆ, ಏಪ್ರಿಲ್ 3 ರಂದು, ಪರೆಟ್ ತೀರಿಕೊಂಡ. ಹೊಡೆದ ಗ್ರಿಫಿತನೂ ಸುಖಪಡಲಿಲ್ಲ. ಆ ರಾತ್ರಿ ಅವನನ್ನು ಬದುಕಿರುವವರೆಗೂ ಕಾಡಿತು. 1964 ರ ಹೊತ್ತಿಗೆ ಟೆಲಿವಿಷನ್ನಿನ ವಾರದ ಕಾಳಗ ನಿಂತುಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕು ಯಾರೆಂದು ಆ ಸಂಸಾರಗಳು ಕೇಳಿಕೊಂಡವೋ ಇಲ್ಲವೋ!

ಅಭಿಮಾನದ ಇನ್ನೊಂದು ಕ್ರೌರ್ಯವುಂಟು: ಅದು ತನ್ನ ದೇವರನ್ನು ಮುದಿಯಾಗಲು ಬಿಡುವುದಿಲ್ಲ. ಮಹಮ್ಮದ್ ಅಲಿ 1974 ರಲ್ಲಿ ಕಿನ್ಷಾಸಾ ನಗರದಲ್ಲಿ ಜಾರ್ಜ್ ಫೋರ್ಮನನನ್ನು ಗೆದ್ದಾಗ ಇಬ್ಬರಿಗೂ ಐವತ್ತೈವತ್ತು ಲಕ್ಷ ಡಾಲರುಗಳ ಸಂಭಾವನೆ ಗೊತ್ತಾಗಿತ್ತು. ಒಂದು ಬಡ ದೇಶದ ಸರ್ವಾಧಿಕಾರಿ ತನ್ನ ಹೆಸರಿಗಾಗಿ ಅದರ ಭಾರ ಹೊತ್ತಿದ್ದ. ಅಲ್ಲಿಗೇ ನಿಂತಿದ್ದರೆ! 1980 ರ ಅಕ್ಟೋಬರ್ 2 ರಂದು ಮೂವತ್ತೆಂಟರ ಅಲಿಯನ್ನು ಲ್ಯಾರಿ ಹೋಮ್ಸನ ಎದುರಿಗೆ ತಂದು ನಿಲ್ಲಿಸಿದರು. ಹೋಮ್ಸ್ ಒಂದು ಕಾಲದಲ್ಲಿ ಅಲಿಯ ಅಭ್ಯಾಸದ ಜೊತೆಗಾರ. ಗುರುವಿಗೆ ಹೊಡೆಯಲು ಅವನ ಕೈಯೇ ಹಿಂಜರಿಯಿತು. ಹತ್ತು ಸುತ್ತುಗಳಾದ ಮೇಲೆ ಅಲಿಯ ಕಡೆಯವರೇ ಕಾಳಗ ನಿಲ್ಲಿಸಿದರು. 1984 ರಲ್ಲಿ ಅಲಿಗೆ ಪಾರ್ಕಿನ್ಸನ್ ರೋಗವೆಂದು ವೈದ್ಯರು ಹೇಳಿದರು. ಮಾತಿನ ಮಲ್ಲನ ಮಾತೇ ಉಡುಗಿತು.

ಆಮೇಲೆ ಮನೆಯಲ್ಲಿ ಕುಳಿತೇ ಕಾಳಗವೊಂದಕ್ಕೆ ಇಷ್ಟೆಂದು ಹಣ ತೆತ್ತು ನೋಡುವ ಪದ್ಧತಿ ಬೆಳೆಯಿತು. ಅದರ ಮರ್ಮವನ್ನು ಫ್ಲಾಯ್ಡ್ ಮೇವೆದರನಷ್ಟು ಅರಿತವರಿಲ್ಲ. ಹಣ ಎಂಬುದನ್ನೇ ಬಿರುದಾಗಿ ಇಟ್ಟುಕೊಂಡವನು ಅವನು. ಅವನು ಗೆಲ್ಲಲೆಂದು ಕೆಲವರು, ಸೋಲಲೆಂದು ಹಲವರು ಹಣ ಕೊಟ್ಟರು. ಎರಡೂ ಒಂದೇ ಪೆಟ್ಟಿಗೆಗೆ ಬಿದ್ದುವು. ಮ್ಯಾನಿ ಪಾಕಿಯಾವೋನೊಡನೆ ಅವನ ಕಾಳಗಕ್ಕೆ 2009 ರಲ್ಲಿಯೇ ಮಾತುಕತೆ ಮೊದಲಾಗಿ, ನಡೆದದ್ದು 2015 ರ ಮೇ 2 ರಂದು. ಆಗ ಒಬ್ಬನಿಗೆ ಮೂವತ್ತೆಂಟು, ಇನ್ನೊಬ್ಬನಿಗೆ ಮೂವತ್ತಾರು. ಅಮೆರಿಕದಲ್ಲಿ ನಲವತ್ತಾರು ಲಕ್ಷ ಖರೀದಿಗಳಾದುವು, ಒಂದೊಂದಕ್ಕೆ ಸುಮಾರು ನೂರು ಡಾಲರು. ಕಾಳಗ ಸಪ್ಪೆಯಾಯಿತು. ಆರು ವರ್ಷ ಕಾಯಿಸಿದ ಹಣ್ಣು ಕೊಳೆತಿದ್ದರೂ ಬೆಲೆ ಮಾತ್ರ ಕಾದಷ್ಟೂ ಏರಿತ್ತು. ಒಂದೂ ಸೋಲದೆ ನಿವೃತ್ತನಾದ ಅವನಿಂದ ಆ ಸೊನ್ನೆಯೇ ಅಭಿಮಾನಿಗಳ ಪೂಜಾಮೂರ್ತಿಯಾಯಿತು; ಸೊನ್ನೆ ಕೆಡಬಾರದೆಂದು ಸಮಬಲರನ್ನು ತಪ್ಪಿಸಿಕೊಳ್ಳುವುದೂ ಚಾತುರ್ಯವೆನಿಸಿತು. ಸರ್ವಶ್ರೇಷ್ಠನೆಂದು ಬಲ್ಲವರು ಕೊಂಡಾಡುವ ಷುಗರ್ ರೇ ರಾಬಿನ್ಸನ್ ಹತ್ತೊಂಬತ್ತು ಸಲ ಸೋತಿದ್ದನೆಂಬುದು ಮರೆತೇ ಹೋಯಿತು.

2024 ರ ನವೆಂಬರ್ 15 ರಂದು ಟೆಕ್ಸಾಸಿನಲ್ಲಿ ಈ ಕಥೆ ತನ್ನ ತುದಿ ಮುಟ್ಟಿತು. ಅಂತರ್ಜಾಲದ ಚಲಚ್ಚಿತ್ರಗಳಿಂದ ಹೆಸರಾದ ಇಪ್ಪತ್ತೇಳರ ಜೇಕ್ ಪಾಲ್ ಒಂದು ಕಡೆ. ಐವತ್ತೆಂಟರ ಮೈಕ್ ಟೈಸನ್ ಇನ್ನೊಂದು ಕಡೆ. ಟೈಸನ್ ಕೋಟಿಕೋಟಿ ಗಳಿಸಿ 2003 ರಲ್ಲಿ ದಿವಾಳಿಯಾದವನು. ಹೊಟ್ಟೆಯ ಹುಣ್ಣಿನಿಂದ ಅಸ್ವಸ್ಥನಾದ ಕಾರಣ ಆ ಕಾಳಗವನ್ನೇ ಜುಲೈನಿಂದ ಮುಂದೂಡಲಾಗಿತ್ತು. ಸುತ್ತಿಗೆ ಎರಡೇ ನಿಮಿಷ, ಒಟ್ಟು ಎಂಟೇ ಸುತ್ತು. ಪ್ರಪಂಚದಾದ್ಯಂತ ಹತ್ತು ಕೋಟಿಗೂ ಮಿಕ್ಕು ಜನ ನೋಡಿದರೆಂದು ತೋರಿಸಿದ ಸಂಸ್ಥೆ ಹೇಳಿಕೊಂಡಿತು. ಮುದಿಸಿಂಹ ಕಾಲೆತ್ತಿ ಇಡಲಾರದೆ ನಿಂತಾಗ, ಅದನ್ನೇ ಬಯಸಿ ಬಂದಿದ್ದ ಸಭೆ ಕೂಗಿ ಅಣಕಿಸಿತು. ಕೊನೆಯ ಗಂಟೆಗೆ ಕೆಲವು ಕ್ಷಣಗಳ ಮೊದಲು ಪಾಲ್ ಎದುರಾಳಿಗೆ ತಲೆಬಾಗಿ ವಂದಿಸಿದ.

ಹಾಗೆಂದು ಅಭಿಮಾನವೆಲ್ಲವೂ ಕೇಡೆನ್ನುವುದು ನ್ಯಾಯವಲ್ಲ. ಅದೇ ರಾತ್ರಿ, ಅದೇ ವೇದಿಕೆಯ ಮೇಲೆ, ಆ ಕಾಳಗಕ್ಕೆ ಮುನ್ನ ಐರ್ಲೆಂಡಿನ ಕೇಟಿ ಟೇಲರಳೂ ಪೋರ್ಟೊ ರಿಕೊ ಮೂಲದ ಅಮಾಂಡಾ ಸೆರಾನೊಳೂ ಹತ್ತು ಸುತ್ತು ಕಾದಿದರು. ನಿಜವಾದ ವಿದ್ಯೆ, ನಿಜವಾದ ಕೆಚ್ಚು ಅಂದು ಕಂಡದ್ದು ಆ ಇಬ್ಬರು ಹೆಣ್ಣುಮಕ್ಕಳಲ್ಲಿ. ಒಲಿಂಪಿಕ್ಸ್ ಕ್ರೀಡೆಗಳು ಹೆಂಗಸರ ಮುಷ್ಟಿಯುದ್ಧಕ್ಕೆ ಬಾಗಿಲು ತೆರೆದದ್ದೇ 2012 ರಲ್ಲಿ. ಮಣಿಪುರದ ಮೇರಿ ಕೋಮ್ ಭಾರತಕ್ಕೆ ಕಂಚಿನ ಪದಕ ತಂದದ್ದು ಅದೇ ಲಂಡನ್ನಿನಲ್ಲಿ. ಹತ್ತು ವರ್ಷಗಳಲ್ಲಿ, 2022 ರಲ್ಲಿ, ಟೇಲರ್ ಮತ್ತು ಸೆರಾನೊ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನನ್ನು ತುಂಬಿಸಿದರು. ಅಭಿಮಾನಿಗಳ ಹಣವಿಲ್ಲದೆ ಇದು ಆಗುತ್ತಿರಲಿಲ್ಲ. ಬೆಂಕಿಯ ಗುಣ ಹಣದ್ದು: ಒಲೆಯಲ್ಲಿದ್ದರೆ ಅಡುಗೆ, ಮಾಡು ಹತ್ತಿದರೆ ಬೂದಿ.

ಅಮೆರಿಕದಲ್ಲಿ 2000 ದ ಇಸವಿಯಲ್ಲಿ ಅಲಿಯ ಹೆಸರಿನಲ್ಲಿಯೇ ಒಂದು ಕಾನೂನಾಯಿತು. ಕಾಳಗದಿಂದ ತನಗೆ ಬರುವ ಹಣವೆಷ್ಟೆಂಬುದನ್ನು ವ್ಯವಸ್ಥಾಪಕನು ಮಲ್ಲನಿಗೆ ತಿಳಿಸಬೇಕೆಂಬುದು ಅದರ ಮುಖ್ಯ ಕಟ್ಟಳೆಗಳಲ್ಲಿ ಒಂದು. ವೇದಿಕೆಯ ಮೇಲೆ ಎಲ್ಲರೆದುರು ಹಂಚಬೇಕೆಂದು 1743 ರಲ್ಲಿ ಬ್ರಾಟನ್ ಬರೆದಿದ್ದ. ಇನ್ನೂರೈವತ್ತೇಳು ವರ್ಷಗಳ ಮೇಲೆ, ಹಂಚುವುದಿರಲಿ, ಲೆಕ್ಕವನ್ನಾದರೂ ತೋರಿಸಿ ಎಂದು ಸರ್ಕಾರ ಕಾನೂನು ಮಾಡಬೇಕಾಯಿತು. ಹಣ ಅಂದರೆ ಹೆಣವೂ ಬಾಯಿಬಿಡುತ್ತದಂತೆ. ಹಣವನ್ನು ಹಂಚುವವರ ಬಾಯಿ ಬಿಡಿಸುವುದು ಮಾತ್ರ ಕಷ್ಟ.

ಕಣದ ಮಗ್ಗುಲಲ್ಲಿ ನಿಂತ ಹಳೆಯ ಅಭಿಮಾನಿಗೆ ಬಿದ್ದವನ ಮುಖ ಕಾಣುತ್ತಿತ್ತು. ಇಂದಿನವನಿಗೆ ಬೆರಳ ತುದಿಯಿಂದ ಹಣ ಸಲ್ಲುತ್ತದೆ, ಬೆರಳ ತುದಿಯಿಂದಲೇ ಮುಖ ಮರೆಯಾಗುತ್ತದೆ. ಆದರೆ ಕಣ ನಡೆಯುವುದು ಅವನ ಕಾಸಿನಿಂದಲೇ ಆದ್ದರಿಂದ ಕೇಳುವ ಹಕ್ಕೂ ಅವನಿಗುಂಟು. ಈ ಮನುಷ್ಯ ಹಿಂದಿನ ಸಲ ಪೆಟ್ಟು ತಿಂದು ಎಷ್ಟು ತಿಂಗಳಾಯಿತು? ಇವನ ವಯಸ್ಸೆಷ್ಟು? ಈ ಜೋಡಿ ಸಮವೇ? ಟಿಕೆಟು ಕೊಳ್ಳುವ ಮೊದಲು ಈ ಮೂರು ಪ್ರಶ್ನೆಗಳನ್ನು ಕೇಳುವವರು ಸಾಕಷ್ಟು ಮಂದಿ ಇದ್ದಿದ್ದರೆ, 1962 ರ ವಸಂತದಲ್ಲಿ ಬೆನ್ನಿ ಪರೆಟ್ ತನ್ನ ಮನೆಯಲ್ಲಿರುತ್ತಿದ್ದ.